ಸೌಂದರ್ಯದ ಕಿರುಚಿಕಿತ್ಸೆಗಳೂ ಸ್ತ್ರೀಯರ ಆಯ್ಕೆಯೂ: ಕೆಲವು ವ್ಯಾಖ್ಯಾನಗಳ ವಿಮರ್ಶೆ

೧

ಮುಖದ ಸುಕ್ಕನ್ನು ಕಳೆಯಲೆಂದೋ, ತುಟಿಯನ್ನು ತುಂಬಿಸಲೆಂದೋ, ಚರ್ಮದ ಕಲೆಯನ್ನು ಅಳಿಸಲೆಂದೋ ವೈದ್ಯರ ಬಳಿಗೆ ಹೋಗುವ ಸ್ತ್ರೀಯರ ಸಂಖ್ಯೆಯು ಕಳೆದ ಮೂರು ದಶಕಗಳಲ್ಲಿ ಲೋಕದ ಬಹುಭಾಗದಲ್ಲಿ ಹೆಚ್ಚಿದೆ. ಇವರಲ್ಲಿ ಅನೇಕರು ಕತ್ತಿಗೆ ಮೈಯೊಡ್ಡುವುದಿಲ್ಲ. ಸ್ನಾಯುವನ್ನು ಸಡಿಲಿಸುವ ಬೊಟುಲಿನಮ್ ವಿಷದ ಚುಚ್ಚುಮದ್ದು, ಚರ್ಮದ ಕೆಳಗೆ ತುಂಬುವ ಹೈಯಲುರೊನಿಕ್ ಆಮ್ಲದ ಫಿಲ್ಲರ್, ಲೇಸರ್ ಕಿರಣ, ಚರ್ಮದ ಮೇಲ್ಪದರವನ್ನು ಸುಲಿಯುವ ರಾಸಾಯನಿಕ ಲೇಪ, ಇವೇ ಮೊದಲಾದ ವಿಧಾನಗಳು ಅವರಿಗೆ ಸಾಕಾಗುತ್ತವೆ. ಆಸ್ಪತ್ರೆಯಲ್ಲಿ ಮಲಗಬೇಕಾಗಿಲ್ಲದ, ಅತ್ಯಲ್ಪವಾಗಿ ಗಾಯಮಾಡುವ ಈ ವಿಧಾನಗಳನ್ನು ನಾವು ಈ ಲೇಖನದಲ್ಲಿ ಕಿರುಚಿಕಿತ್ಸೆಗಳೆಂದು ಕರೆಯುತ್ತೇವೆ. ಅಂತರರಾಷ್ಟ್ರೀಯ ಸೌಂದರ್ಯ ಶಸ್ತ್ರವೈದ್ಯರ ಸಂಘವು ೨೦೨೩ನೆಯ ವರ್ಷಕ್ಕೆ ಮಾಡಿದ ಅಂದಾಜಿನಂತೆ, ಪ್ಲಾಸ್ಟಿಕ್ ಸರ್ಜನರು ಲೋಕದಾದ್ಯಂತ ನಡೆಸಿದ ಇಂತಹ ಚಿಕಿತ್ಸೆಗಳು ಸುಮಾರು ೧ ಕೋಟಿ ೯೧ ಲಕ್ಷ. ಅವುಗಳಲ್ಲಿ ಬೊಟುಲಿನಮ್ ಚುಚ್ಚುಮದ್ದುಗಳೇ ಸುಮಾರು ೮೮ ಲಕ್ಷ. ಇವನ್ನು ಮಾಡಿಸಿಕೊಂಡವರಲ್ಲಿ ಬಹುಪಾಲಿನವರು ಸ್ತ್ರೀಯರು.

ಅವರು ಹೀಗೇಕೆ ಮಾಡುತ್ತಾರೆ ಎಂಬ ಪ್ರಶ್ನೆಗೆ ಎರಡು ಉತ್ತರಗಳು ಸಿದ್ಧವಾಗಿ ದೊರೆಯುತ್ತವೆ. ಸಮಾಜವೂ ಮಾರುಕಟ್ಟೆಯೂ ಸೇರಿ ಅವರನ್ನು ಮರುಳುಮಾಡಿವೆ ಎಂಬುದು ಒಂದು. ಅವರು ತಮ್ಮ ಶರೀರಕ್ಕೆ ತಾವೇ ಒಡತಿಯರಾಗಿ ಸ್ವತಂತ್ರವಾಗಿ ಆರಿಸಿಕೊಂಡಿದ್ದಾರೆ ಎಂಬುದು ಇನ್ನೊಂದು. ಈ ಎರಡು ಪಕ್ಷಗಳ ನಡುವೆ ೧೯೯೦ರಿಂದೀಚೆಗೆ ಪಾಶ್ಚಾತ್ಯ ದೇಶಗಳಲ್ಲಿ ದೀರ್ಘವಾದ ವಾದ ನಡೆದಿದೆ. ಆ ವಾದದ ಮುಖ್ಯ ಗ್ರಂಥಗಳನ್ನು ಇತಿಹಾಸದ ವಿದ್ಯಾರ್ಥಿಯ ದೃಷ್ಟಿಯಿಂದ ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಲೇಸು. ಎರಡು ಪಕ್ಷಗಳೂ ತಮ್ಮ ಮಾತನ್ನು ರೂಪಿಸಿಕೊಂಡದ್ದು ಕತ್ತಿಯ ಚಿಕಿತ್ಸೆಯನ್ನು ಕಣ್ಣಮುಂದಿಟ್ಟುಕೊಂಡು. ಸೂಜಿಯ ಚಿಕಿತ್ಸೆಯಲ್ಲಿ ಆಯ್ಕೆಯ ಸ್ವರೂಪವೇ ಬೇರೆಯಾಗಿದೆ. ಈ ವ್ಯತ್ಯಾಸವನ್ನು ಗಮನಿಸದೆ ಸ್ತ್ರೀಯರ ಮೇಲೆ ತೀರ್ಪು ಕೊಡುವುದು ಅನ್ಯಾಯವೂ ಹೌದು, ಅಶಾಸ್ತ್ರೀಯವೂ ಹೌದು.

೨

ಮೊದಲು ಪ್ರಶ್ನೆಯನ್ನೇ ಪರಿಶೀಲಿಸೋಣ. ೧೭೯೪ನೆಯ ಅಕ್ಟೋಬರಿನಲ್ಲಿ ಲಂಡನ್ನಿನ 'ಜೆಂಟಲ್‌ಮನ್ಸ್ ಮ್ಯಾಗಝೀನ್' ಪತ್ರಿಕೆಯಲ್ಲಿ ಒಂದು ಪತ್ರ ಪ್ರಕಟವಾಯಿತು. ಮೈಸೂರಿನ ಮೂರನೆಯ ಯುದ್ಧದಲ್ಲಿ ಇಂಗ್ಲಿಷರ ಸೈನ್ಯಕ್ಕೆ ಎತ್ತು ಹೊಡೆಯುತ್ತಿದ್ದ ಕಾವಸ್ಜಿ ಎಂಬವನು ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡಿದ್ದನು. ಪುಣೆಯ ಬಳಿ ಇಟ್ಟಿಗೆ ಮಾಡುವ ಕುಲದ ಒಬ್ಬಾತನು ಅವನ ಹಣೆಯ ಚರ್ಮವನ್ನೇ ಇಳಿಬಿಟ್ಟು ಹೊಸ ಮೂಗನ್ನು ಕಟ್ಟಿದುದನ್ನು ಆ ಪತ್ರವು ಚಿತ್ರಸಹಿತ ವರ್ಣಿಸುತ್ತದೆ. ಅದನ್ನು ಓದಿದ ಯೂರೋಪಿನ ವೈದ್ಯರ ಕುತೂಹಲ ಕೆರಳಿತು. ಜೋಸೆಫ್ ಕಾರ್ಪ್ಯೂ ಎಂಬ ಶಸ್ತ್ರವೈದ್ಯನು ಇದೇ ವಿಧಾನವನ್ನು ಲಂಡನ್ನಿನಲ್ಲಿ ನಡೆಸಿ ೧೮೧೬ರಲ್ಲಿ ಗ್ರಂಥವನ್ನು ಪ್ರಕಟಿಸಿದನು. ಆಧುನಿಕ ಪ್ಲಾಸ್ಟಿಕ್ ಸರ್ಜರಿಯ ಚರಿತ್ರೆಯಲ್ಲಿ ಶ್ರೀರಂಗಪಟ್ಟಣದ ಯುದ್ಧಕ್ಕೆ ಹೀಗೊಂದು ಸ್ಥಾನ ಉಂಟು.

ಇಲ್ಲಿ ನಾವು ಗಮನಿಸಬೇಕಾದ ಅಂಶ ಒಂದೇ. ಮೂಗು ನಿನಗೆ ಏಕೆ ಬೇಕು ಎಂದು ಕಾವಸ್ಜಿಯನ್ನು ಯಾರೂ ಕೇಳಲಿಲ್ಲ. ಮೂಗಿಲ್ಲದ ಮುಖಕ್ಕೆ ಸಮಾಜವು ಕೊಡುವ ಸ್ಥಾನವೇನೆಂಬುದು ವೈದ್ಯನಿಗೂ ಓದುಗನಿಗೂ ಮೊದಲೇ ತಿಳಿದಿತ್ತು. ಏಕೆ ಎಂಬ ಪ್ರಶ್ನೆಯು, ಕೇಳುವವನಿಗೆ ಅಗತ್ಯವು ಕಾಣದಿದ್ದಾಗ ಮಾತ್ರ ಹುಟ್ಟುತ್ತದೆ. ನಲವತ್ತೈದು ವರ್ಷದ ಸ್ತ್ರೀಯು ಹುಬ್ಬುಗಳ ನಡುವಣ ಗೆರೆಯನ್ನು ಅಳಿಸಬಯಸಿದರೆ ನಾವು ಏಕೆ ಎನ್ನುತ್ತೇವೆ. ಆ ಗೆರೆಯಿಂದ ಅವಳಿಗೇನು ನಷ್ಟವೆಂಬುದು ನಮಗೆ ಕಾಣದು. ಆದುದರಿಂದ ಇದು ನಿರ್ಲಿಪ್ತವಾದ ಪ್ರಶ್ನೆಯಲ್ಲ. ಅದರೊಳಗೆ ಅರ್ಧ ತೀರ್ಪು ಮೊದಲೇ ಅಡಗಿರುತ್ತದೆ.

೩

ಸೂಜಿಯ ಚಿಕಿತ್ಸೆಯು ನಿನ್ನೆ ಮೊನ್ನೆಯದಲ್ಲ. ವಿಯೆನ್ನಾ ನಗರದ ರಾಬರ್ಟ್ ಗೆರ್ಸುನಿ ಎಂಬ ವೈದ್ಯನು ೧೮೯೯ರಲ್ಲಿ ಪ್ಯಾರಫಿನ್ ಜಾತಿಯ ಮೇಣವನ್ನು ಕರಗಿಸಿ ಶರೀರದೊಳಗೆ ಚುಚ್ಚುವ ಪ್ರಯೋಗವನ್ನು ಮಾಡಿದನು. ಕೆಲವೇ ವರ್ಷಗಳಲ್ಲಿ ಯೂರೋಪು ಅಮೆರಿಕಗಳ ವೈದ್ಯರು ತಗ್ಗಾದ ಮೂಗಿಗೂ ಮುಖದ ಸುಕ್ಕಿಗೂ ಇದನ್ನು ಬಳಸತೊಡಗಿದರು. ರೂಪವತಿಯೆಂದು ಹೆಸರಾಗಿದ್ದ, ಮುಂದೆ ಮಾರ್ಲ್‌ಬರೊ ಡ್ಯೂಕನ ಪತ್ನಿಯಾದ ಗ್ಲ್ಯಾಡಿಸ್ ಡೀಕನ್ ತನ್ನ ಇಪ್ಪತ್ತೆರಡರ ವಯಸ್ಸಿನಲ್ಲಿ ಮೂಗಿನ ಸೇತುವೆಗೆ ಈ ಮೇಣವನ್ನು ಚುಚ್ಚಿಸಿಕೊಂಡಳು. ಅದು ಕಾಲಕ್ರಮದಲ್ಲಿ ಕೆಳಗೆ ಸರಿದು ಅವಳ ಮುಖವನ್ನೇ ಕೆಡಿಸಿತು. ಮೇಣವು ಗಂಟುಕಟ್ಟುವುದನ್ನೂ ಸ್ಥಳ ಬಿಟ್ಟು ಸರಿಯುವುದನ್ನೂ ಕಂಡ ಮೇಲೆ ವೈದ್ಯರು ಅದನ್ನು ಕೈಬಿಟ್ಟರು. ದ್ವಿತೀಯ ಮಹಾಯುದ್ಧದ ತರುವಾಯ ಜಪಾನಿನಲ್ಲಿಯೂ ಅಮೆರಿಕದಲ್ಲಿಯೂ ದ್ರವರೂಪದ ಸಿಲಿಕೋನನ್ನು ಚುಚ್ಚುವ ಪದ್ಧತಿ ಹಬ್ಬಿ, ಅಂತಹುದೇ ದುಷ್ಪರಿಣಾಮಗಳನ್ನು ಉಂಟುಮಾಡಿತು. ಹಸುವಿನ ಚರ್ಮದಿಂದ ಪಡೆದ ಕೊಲಾಜೆನ್ ಎಂಬ ಪದಾರ್ಥಕ್ಕೆ ೧೯೮೧ರಲ್ಲಿ ಅಮೆರಿಕದ ಸರ್ಕಾರದ ಅನುಮತಿ ದೊರೆತ ಮೇಲೆ ಸೂಜಿಗೆ ಮರ್ಯಾದೆ ಮರಳಿತು.

ಬೊಟುಲಿನಮ್‌ನ ಕಥೆಯು ಇನ್ನೂ ವಿಚಿತ್ರವಾದುದು. ಕೆಟ್ಟ ಮಾಂಸದ ಸಾಸೇಜು ತಿಂದು ಸತ್ತವರ ಲಕ್ಷಣಗಳನ್ನು ಜರ್ಮನಿಯ ಯೂಸ್ಟಿನುಸ್ ಕೆರ್ನರನು ೧೮೨೦ರ ಸುಮಾರಿನಲ್ಲಿ ವಿವರವಾಗಿ ದಾಖಲಿಸಿದನು. ೧೮೯೫ರಲ್ಲಿ ಬೆಲ್ಜಿಯಮ್ಮಿನ ಒಂದು ಹಳ್ಳಿಯಲ್ಲಿ, ಶವಸಂಸ್ಕಾರಕ್ಕೆ ವಾದ್ಯ ನುಡಿಸಲು ಬಂದವರು ಕೆಟ್ಟ ಹಂದಿಮಾಂಸವನ್ನು ತಿಂದು ವಿಷಬಾಧೆಗೆ ತುತ್ತಾದರು. ಆ ಪ್ರಸಂಗದಿಂದ ಎಮಿಲ್ ವಾನ್ ಎರ್ಮೆಂಗೆಮ್ ರೋಗಾಣುವನ್ನು ಗುರುತಿಸಿದನು. ಸ್ನಾಯುವನ್ನು ನಿಶ್ಚಲಗೊಳಿಸುವ ಈ ವಿಷವನ್ನು ಅತ್ಯಲ್ಪ ಪ್ರಮಾಣದಲ್ಲಿ ಮೆಳ್ಳೆಗಣ್ಣಿನ ಚಿಕಿತ್ಸೆಗೆ ಬಳಸಬಹುದೆಂದು ಸ್ಯಾನ್ ಫ್ರಾನ್ಸಿಸ್ಕೋದ ನೇತ್ರವೈದ್ಯ ಅಲನ್ ಸ್ಕಾಟ್ ೧೯೭೦ರ ದಶಕದಲ್ಲಿ ತೋರಿಸಿದರು. ೧೯೮೯ರಲ್ಲಿ ಮೆಳ್ಳೆಗಣ್ಣಿಗೂ ರೆಪ್ಪೆಯ ಸೆಳೆತಕ್ಕೂ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಕೆನಡದ ವ್ಯಾಂಕೂವರಿನಲ್ಲಿ ನೇತ್ರವೈದ್ಯೆ ಜೀನ್ ಕರೂದರ್ಸ್ ೧೯೮೭ರಲ್ಲಿ ರೆಪ್ಪೆಯ ಸೆಳೆತಕ್ಕೆ ಚಿಕಿತ್ಸೆ ಕೊಡುತ್ತಿದ್ದಾಗ, ರೋಗಿಯ ಹುಬ್ಬುಗಂಟಿನ ಗೆರೆಗಳೂ ಮಾಯವಾಗುವುದು ಗಮನಕ್ಕೆ ಬಂದಿತು. ಅವರೂ ಚರ್ಮವೈದ್ಯರಾದ ಅವರ ಪತಿ ಅಲಸ್ಟೇರ್ ಅವರೂ ಸೇರಿ ಬರೆದ ಪ್ರಬಂಧವು ೧೯೯೨ರಲ್ಲಿ ಪ್ರಕಟವಾಯಿತು; ೨೦೦೨ರ ಏಪ್ರಿಲಿನಲ್ಲಿ ಅಮೆರಿಕವು ಹುಬ್ಬಿನ ನಡುವಣ ಗೆರೆಗಳಿಗೆ ಈ ಔಷಧವನ್ನು ಅಂಗೀಕರಿಸಿತು. ಹೈಯಲುರೊನಿಕ್ ಆಮ್ಲದ ಫಿಲ್ಲರಿಗೆ ಅಲ್ಲಿ ಅನುಮತಿ ದೊರೆತದ್ದು ೨೦೦೩ರಲ್ಲಿ.

ಈ ವಿವರಗಳನ್ನು ಇಲ್ಲಿ ಕೊಟ್ಟುದಕ್ಕೆ ಕಾರಣವುಂಟು. ಮೇಣವೂ ಸಿಲಿಕೋನೂ ಶರೀರದಲ್ಲಿ ಉಳಿಯುವ ಪದಾರ್ಥಗಳು. ಕೆಟ್ಟರೆ ಕೆಟ್ಟೇ ಹೋಯಿತು. ಹೊಸ ಪದಾರ್ಥಗಳ ಗುಣವು ತದ್ವಿರುದ್ಧ. ಬೊಟುಲಿನಮ್‌ನ ಪರಿಣಾಮವು ಮೂರು ನಾಲ್ಕು ತಿಂಗಳಲ್ಲಿ ಇಳಿದುಹೋಗುತ್ತದೆ. ಫಿಲ್ಲರ್ ಕೂಡ ಕಾಲಾಂತರದಲ್ಲಿ ಕರಗುತ್ತದೆ. ಅಪಾಯವೇ ಇಲ್ಲವೆಂದಲ್ಲ, ರೆಪ್ಪೆ ಇಳಿಬೀಳುವುದುಂಟು, ಫಿಲ್ಲರ್ ರಕ್ತನಾಳವನ್ನು ಹೊಕ್ಕರೆ, ಅಪರೂಪವಾಗಿಯಾದರೂ, ಕಣ್ಣೇ ಹೋಗುವುದುಂಟು. ಆದರೆ ಸಾಮಾನ್ಯವಾಗಿ ಇದು ಹಿಂದಿರುಗಬಹುದಾದ ದಾರಿ ಎಂಬ ನಂಬಿಕೆಯೇ ಈ ಚಿಕಿತ್ಸೆಯ ಹಬ್ಬುಗೆಗೆ ಮೊದಲ ಕಾರಣ. ಈ ಅಂಶವನ್ನು ಮುಂದೆ ಮತ್ತೆ ವಿಚಾರಿಸುತ್ತೇವೆ.

೪

ಈಗ ವ್ಯಾಖ್ಯಾನಕಾರರ ಕಡೆಗೆ ಬರೋಣ. ನೇಯೋಮಿ ವುಲ್ಫ್ ಅವರ 'ದಿ ಬ್ಯೂಟಿ ಮಿಥ್' ೧೯೯೦ರಲ್ಲಿ ಹೊರಬಂದಿತು. ಸ್ತ್ರೀಯರು ವಿದ್ಯೆ, ಉದ್ಯೋಗ, ಕಾನೂನುಗಳಲ್ಲಿ ಮುಂದೆ ಬಂದಂತೆಲ್ಲ ಸೌಂದರ್ಯದ ಆದರ್ಶವು ಇನ್ನಷ್ಟು ಕಠಿಣವಾಗಿ ಅವರನ್ನು ಹಿಂದಕ್ಕೆಳೆಯಿತು ಎಂಬುದು ಅದರ ಪ್ರತಿಪಾದನೆ. ಗ್ರಂಥದ ಆವೇಶವು ದೊಡ್ಡದು. ಲೆಕ್ಕಗಳಲ್ಲಿ ಎಚ್ಚರ ಸಾಲದು. ಆಹಾರವರ್ಜನ ರೋಗದಿಂದ ಅಮೆರಿಕದಲ್ಲಿ ಸಾಯುವವರ ಸಂಖ್ಯೆಯೆಂದು ಮೊದಲು ಕೊಟ್ಟುದು ವಾಸ್ತವಕ್ಕಿಂತ ಬಹಳ ಹೆಚ್ಚೆಂದು ತೋರಿಬಂದು, ಅದನ್ನು ತರುವಾಯ ತಿದ್ದಬೇಕಾಯಿತು. ಅದಕ್ಕಿಂತ ಮುಖ್ಯವಾದ ಕೊರತೆಯೆಂದರೆ, ಚಿಕಿತ್ಸೆಗೆ ಒಳಗಾಗುವ ಸ್ತ್ರೀಯು ಇಲ್ಲಿ ಬಹುಮಟ್ಟಿಗೆ ಮೂಕಳು. ಅವಳ ಪರವಾಗಿ ಲೇಖಕಿಯೇ ಮಾತನಾಡುತ್ತಾರೆ. ಹೀಗಿದ್ದರೂ, ಉದ್ಯೋಗವನ್ನು ಕುರಿತ ಅಧ್ಯಾಯವು ಗ್ರಂಥದ ಅತ್ಯಂತ ಗಟ್ಟಿಯಾದ ಭಾಗ. ಕೆಲಸದ ಅರ್ಹತೆಯ ಪಟ್ಟಿಯಲ್ಲಿ ರೂಪವು ಬರೆಯದೆಯೇ ಸೇರಿಕೊಂಡಿದೆ ಎಂಬ ಅವರ ಮಾತಿಗೆ ಸಾಕಷ್ಟು ಆಧಾರಗಳಿವೆ.

ಕ್ಯಾಥಿ ಡೇವಿಸ್ ಅವರ 'ರೀಶೇಪಿಂಗ್ ದಿ ಫೀಮೇಲ್ ಬಾಡಿ' ಎಂಬ ಗ್ರಂಥವು ೧೯೯೫ರದು. ಅವರು ನೆದರ್ಲೆಂಡ್ಸ್ ದೇಶದಲ್ಲಿ ಸೌಂದರ್ಯ ಶಸ್ತ್ರಚಿಕಿತ್ಸೆಗೆ ಒಳಗಾದ ಸ್ತ್ರೀಯರನ್ನು ಕಂಡು, ಅವರ ಮಾತನ್ನು ಕೇಳಿ ಬರೆದರು. ತಾವು ಚೆಲುವೆಯರಾಗಬೇಕೆಂದಿರಲಿಲ್ಲ, ಎಲ್ಲರಂತೆ ಸಾಮಾನ್ಯರಾಗಿ ಕಂಡರೆ ಸಾಕಾಗಿತ್ತು ಎಂದು ಆ ಸ್ತ್ರೀಯರು ಹೇಳಿದುದು ಗ್ರಂಥದ ಮುಖ್ಯ ಶೋಧನೆ. ಅವರಿಗೆ ಅಪಾಯಗಳ ಅರಿವಿತ್ತು, ಸೌಂದರ್ಯದ ಆದರ್ಶವನ್ನು ಅವರೂ ಟೀಕಿಸುತ್ತಿದ್ದರು. ಆದರೂ ಚಿಕಿತ್ಸೆಯನ್ನು ಆರಿಸಿಕೊಂಡರು. ಅವರನ್ನು ಮರುಳಾದವರೆಂದು ಕರೆಯಲಾಗದು ಎಂಬುದು ಡೇವಿಸ್ ಅವರ ನಿಲುವು. ಇದಕ್ಕೆ ಸೂಸನ್ ಬೋರ್ಡೊ ೧೯೯೭ರ ತಮ್ಮ ಗ್ರಂಥದಲ್ಲಿ ಉತ್ತರವಿತ್ತರು. ಒಬ್ಬೊಬ್ಬಳ ಆಯ್ಕೆಯನ್ನು ಎತ್ತಿಹಿಡಿಯುವ ಭರದಲ್ಲಿ, ಆ ಆಯ್ಕೆಗಳನ್ನೆಲ್ಲ ಒಂದೇ ದಿಕ್ಕಿಗೆ ತಿರುಗಿಸುವ ಸಂಸ್ಕೃತಿಯು ಮರೆಯಾಗುತ್ತದೆ ಎಂಬುದು ಅವರ ಆಕ್ಷೇಪ.

ಈ ಆಕ್ಷೇಪದಲ್ಲಿ ಸತ್ಯವಿದೆ. ಎಲ್ಲರೂ ಸ್ವತಂತ್ರವಾಗಿ ಆರಿಸಿಕೊಂಡರೆಂದಾದರೆ, ಎಲ್ಲರೂ ಒಂದೇ ಬಗೆಯ ಮುಖವನ್ನು ಏಕೆ ಆರಿಸಿಕೊಳ್ಳುತ್ತಾರೆ ಎಂಬುದಕ್ಕೆ ಉತ್ತರ ಬೇಕು. ಆದರೆ ಡೇವಿಸ್ ಅವರ ಪಕ್ಷದಲ್ಲಿಯೂ ಸತ್ಯವಿದೆ. ಸಂಸ್ಕೃತಿಯೇ ಎಲ್ಲವನ್ನೂ ಮಾಡಿಸುತ್ತದೆಂದಾದರೆ, ಒಂದೇ ಸಂಸ್ಕೃತಿಯ ಇಬ್ಬರು ಸೋದರಿಯರಲ್ಲಿ ಒಬ್ಬಳು ಹೋಗಿ ಇನ್ನೊಬ್ಬಳು ಹೋಗದಿರುವುದನ್ನು ವಿವರಿಸಲಾಗದು. ವಾದವು ಇಲ್ಲಿಗೆ ಬಂದು ನಿಂತಿದೆ. ಇದನ್ನು ಮುಂದಕ್ಕೆ ಒಯ್ಯಬೇಕಾದರೆ ತತ್ತ್ವಕ್ಕಿಂತ ಹೆಚ್ಚಾಗಿ ಸಾಕ್ಷ್ಯದ ಪರೀಕ್ಷೆ ಅಗತ್ಯವೆಂದು ನಮಗೆ ತೋರುತ್ತದೆ.

೫

ಶಾಸನವೊಂದನ್ನು ಓದುವಾಗ ಅದನ್ನು ಯಾರು, ಯಾರ ಮುಂದೆ, ಯಾವ ಫಲಕ್ಕಾಗಿ ಬರೆಯಿಸಿದರೆಂದು ನಾವು ಮೊದಲು ಕೇಳುತ್ತೇವೆ. ಸ್ತ್ರೀಯರು ಕೊಟ್ಟ ಕಾರಣಗಳನ್ನು ಓದುವಾಗ ಮಾತ್ರ ಈ ನಿಯಮವನ್ನು ವಿದ್ವಾಂಸರು ಸಡಿಲಿಸಿಬಿಡುತ್ತಾರೆ. ನೆದರ್ಲೆಂಡ್ಸಿನ ಉದಾಹರಣೆಯನ್ನೇ ನೋಡಬಹುದು. ಆ ದೇಶದಲ್ಲಿ ಒಂದು ಕಾಲದಲ್ಲಿ ಸೌಂದರ್ಯ ಶಸ್ತ್ರಚಿಕಿತ್ಸೆಯ ವೆಚ್ಚವನ್ನು ಸಾರ್ವಜನಿಕ ಆರೋಗ್ಯವಿಮೆಯಿಂದ ಪಡೆಯಲು ಅವಕಾಶವಿತ್ತು. ಆದರೆ ಅದಕ್ಕಾಗಿ ಸ್ತ್ರೀಯು ವಿಮೆಯ ವೈದ್ಯಾಧಿಕಾರಿಯ ಮುಂದೆ ನಿಂತು ತನ್ನ ದುಃಖವನ್ನು ನಿರೂಪಿಸಬೇಕಾಗಿತ್ತು. ಚೆಲುವೆಯಾಗಬೇಕು ಎಂದರೆ ಹಣ ದೊರೆಯದು. ಸಾಮಾನ್ಯಳಾಗಿರಲೂ ಆಗದೆ ನರಳುತ್ತಿದ್ದೇನೆ ಎಂದರೆ ದೊರೆಯಬಹುದು. ಡೇವಿಸ್ ಅವರು ಕಂಡ ಸ್ತ್ರೀಯರು ಸುಳ್ಳಾಡಿದರೆಂದು ಇದರ ಅರ್ಥವಲ್ಲ. ದುಃಖಕ್ಕೆ ಯಾವ ಮಾತು ಸಲ್ಲುತ್ತದೆಂಬುದನ್ನು ಆ ವ್ಯವಸ್ಥೆಯೇ ಅವರಿಗೆ ಕಲಿಸಿತ್ತೆಂದು ಅರ್ಥ.

ಅಮೆರಿಕದ ಚರಿತ್ರೆಯೂ ಇದನ್ನೇ ಹೇಳುತ್ತದೆ. ಎಲಿಜಬೆತ್ ಹೈಕೆನ್ ಅವರು ೧೯೯೭ರಲ್ಲಿ ಪ್ರಕಟಿಸಿದ 'ವೀನಸ್ ಎನ್ವಿ' ಎಂಬ ಇತಿಹಾಸಗ್ರಂಥವು ಒಂದು ಸೂಕ್ಷ್ಮವನ್ನು ಎತ್ತಿತೋರಿಸಿದೆ. ಎರಡು ಮಹಾಯುದ್ಧಗಳ ನಡುವಣ ಕಾಲದಲ್ಲಿ ಮನಶ್ಶಾಸ್ತ್ರಜ್ಞ ಆಲ್‌ಫ್ರೆಡ್ ಆಡ್ಲರನ 'ಕೀಳರಿಮೆ'ಯ ಸಿದ್ಧಾಂತವು ಅಮೆರಿಕದಲ್ಲಿ ಜನಪ್ರಿಯವಾಯಿತು. ವ್ಯರ್ಥವಾದ ಅಲಂಕಾರಕ್ಕೆ ಕತ್ತಿಯೆತ್ತುತ್ತಾರೆ ಎಂಬ ಅಪವಾದಕ್ಕೆ ಗುರಿಯಾಗಿದ್ದ ಶಸ್ತ್ರವೈದ್ಯರಿಗೆ ಅದು ವರವಾಗಿ ಪರಿಣಮಿಸಿತು. ಮೂಗನ್ನು ತಿದ್ದುವುದು ಮನಸ್ಸನ್ನು ತಿದ್ದುವುದೇ ಎಂದು ಅವರು ಹೇಳಬಹುದಾಯಿತು. ರೋಗಿಗಳೂ ಹಾಗೆಯೇ ಹೇಳತೊಡಗಿದರು. ಕಾರಣವನ್ನು ಹೇಳುವ ಭಾಷೆಯು ಕ್ಲಿನಿಕ್ಕಿನಲ್ಲಿ ಹುಟ್ಟಿ ಸ್ತ್ರೀಯ ಬಾಯಿಗೆ ಬಂದಿತು.

ಇತ್ತೀಚಿನ ಸಮೀಕ್ಷೆಗಳನ್ನೂ ಇದೇ ಒರೆಗಲ್ಲಿಗೆ ಹಚ್ಚಬೇಕು. ೨೦೧೮ರಲ್ಲಿ ಅಮೆರಿಕದ ಪ್ರಮುಖ ಚರ್ಮವೈದ್ಯ ಪತ್ರಿಕೆಯೊಂದರಲ್ಲಿ, ಕಿರುಚಿಕಿತ್ಸೆಗೆ ಬಂದ ೫೦೦ಕ್ಕೂ ಹೆಚ್ಚು ಮಂದಿಯನ್ನು ಪ್ರಶ್ನಿಸಿದ ಅಧ್ಯಯನವು ಪ್ರಕಟವಾಯಿತು. ಅವರಲ್ಲಿ ಬಹುಪಾಲಿನವರು ಸ್ತ್ರೀಯರು. ರೂಪವನ್ನು ಉತ್ತಮಪಡಿಸಿಕೊಳ್ಳುವ ಅಪೇಕ್ಷೆಯ ಜೊತೆಗೆ ಮನಸ್ಸಿನ ನೆಮ್ಮದಿ, ಆತ್ಮವಿಶ್ವಾಸ, ಜನರೊಡನೆ ಬೆರೆಯುವ ಅನುಕೂಲ, ಉದ್ಯೋಗದ ಹಿತ ಎಂಬ ಕಾರಣಗಳನ್ನೂ ಅನೇಕರು ಕೊಟ್ಟರು; ಬೇರೆಯವರ ಒತ್ತಾಯಕ್ಕಿಂತ ತಮ್ಮ ಇಚ್ಛೆಯೇ ಮುಖ್ಯವೆಂದರು. ಕಾರಣಗಳು ಅನೇಕವೆಂದು ತೋರಿಸಿಕೊಟ್ಟುದು ಈ ಅಧ್ಯಯನದ ಗುಣ. ಆದರೆ ನನ್ನ ಸ್ವಂತ ಸಂತೋಷಕ್ಕಾಗಿ ಎಂಬ ಮಾತು ನಮ್ಮ ಕಾಲದಲ್ಲಿ ಅತ್ಯಂತ ಮರ್ಯಾದೆಯ ಉತ್ತರ. ಗಂಡನಿಗಾಗಿ, ಮೇಲಧಿಕಾರಿಗಾಗಿ ಎಂಬವು ಸೋತವರ ಉತ್ತರಗಳು. ಚಿಕಿತ್ಸೆಯ ಸ್ಥಳದಲ್ಲಿಯೇ ಕೇಳಿದ ಪ್ರಶ್ನೆಗೆ ಯಾವ ಸ್ತ್ರೀಯು ತಾನು ಸೋತವಳೆಂದು ಬರೆದುಕೊಡುವಳು? ಉತ್ತರವನ್ನು ತಿರಸ್ಕರಿಸಬೇಕಾಗಿಲ್ಲ, ಅದನ್ನು ಅದರ ಸಂದರ್ಭದೊಡನೆ ಓದಬೇಕು.

೬

ಹಾಗಾದರೆ ಸಂದರ್ಭ ಬದಲಾದರೂ ಬದಲಾಗದೆ ಬರುವ ಕಾರಣವೊಂದು ಉಂಟೇ? ಉಂಟು, ಅದು ಉದ್ಯೋಗ. ಇದಕ್ಕೆ ಅತ್ಯುತ್ತಮವಾದ ಸಾಕ್ಷಿ ಪ್ಯಾರಿಸಿನ ಡಾಕ್ಟರ್ ಸುಝಾನ್ ನೋಯೆಲ್. ೧೮೭೮ರಲ್ಲಿ ಹುಟ್ಟಿ ೧೯೫೪ರಲ್ಲಿ ತೀರಿಕೊಂಡ ಈಕೆ ಪ್ರಥಮ ಮಹಾಯುದ್ಧದಲ್ಲಿ ಮುಖ ಛಿದ್ರವಾದ ಸೈನಿಕರಿಗೆ ಚಿಕಿತ್ಸೆ ಮಾಡಿದವರು. ಸ್ತ್ರೀಯರ ಮತದಾನದ ಹಕ್ಕಿಗಾಗಿ ಹೋರಾಡಿದವರು. ೧೯೨೪ರಲ್ಲಿ ಪ್ಯಾರಿಸಿನಲ್ಲಿ ಉದ್ಯೋಗಸ್ಥ ಸ್ತ್ರೀಯರ ಸೊರಾಪ್ಟಿಮಿಸ್ಟ್ ಸಂಘವನ್ನು ಸ್ಥಾಪಿಸಿದವರು. ಕಿವಿಯ ಬಳಿಯೂ ಕೂದಲಿನ ಅಂಚಿನಲ್ಲಿಯೂ ಸಣ್ಣ ತುಂಡು ಚರ್ಮವನ್ನು ತೆಗೆದು ಹೊಲಿಯುವ ಅವರ ಚಿಕಿತ್ಸೆಯು ಸ್ಥಳೀಯ ಅರಿವಳಿಕೆಯಲ್ಲಿ, ತಮ್ಮ ಮನೆಯಲ್ಲಿಯೇ ನಡೆಯುತ್ತಿತ್ತು. ರೋಗಿಯು ಅಂದೇ ಮನೆಗೆ ಹಿಂದಿರುಗಬಹುದಾಗಿತ್ತು. ಇಂದಿನ ಕಿರುಚಿಕಿತ್ಸೆಯ ಪೂರ್ವರೂಪವನ್ನು ನಾವು ಇಲ್ಲಿ ಕಾಣುತ್ತೇವೆ. ೧೯೨೬ರಲ್ಲಿ ಅವರು ಬರೆದ ಗ್ರಂಥವು ಸೌಂದರ್ಯ ಶಸ್ತ್ರಚಿಕಿತ್ಸೆಯ ಸಾಮಾಜಿಕ ಪಾತ್ರವನ್ನು ಶೀರ್ಷಿಕೆಯಲ್ಲಿಯೇ ಸಾರುತ್ತದೆ. ವಯಸ್ಸು ಮುಖದಲ್ಲಿ ಕಂಡೊಡನೆ ಕೆಲಸ ಕಳೆದುಕೊಳ್ಳುವ, ಅಥವಾ ಕೆಲಸ ಸಿಗದೆ ಅಲೆಯುವ ಸ್ತ್ರೀಯರನ್ನು ಅವರು ಕಣ್ಣಾರೆ ಕಂಡಿದ್ದರು. ಸಂಪಾದನೆಯು ಸ್ತ್ರೀಯ ಹಕ್ಕೆಂದು ನಂಬಿದ್ದ ಅವರಿಗೆ ಈ ಚಿಕಿತ್ಸೆಯು ಆ ಹಕ್ಕಿನ ರಕ್ಷಣೆಯಾಗಿ ತೋರಿತು.

ನೋಯೆಲ್ ಅವರ ಬದುಕು ಎರಡು ಪಕ್ಷಗಳನ್ನೂ ಕಕ್ಕಾಬಿಕ್ಕಿಯಾಗಿಸುವಂತಹುದು. ಅವರನ್ನು ಮರುಳಾದವರೆನ್ನಲು ಸಾಧ್ಯವಿಲ್ಲ. ಅವರ ರೋಗಿಗಳನ್ನು ಸ್ವತಂತ್ರರೆನ್ನಲೂ ಸಾಧ್ಯವಿಲ್ಲ. ಕೆಲಸ ಹೋಗುವ ಭಯದಲ್ಲಿ ಮಾಡಿದ ಆಯ್ಕೆಯು ಲೆಕ್ಕಾಚಾರದ ಆಯ್ಕೆ, ಮುಕ್ತ ಆಯ್ಕೆಯಲ್ಲ.

ಈ ಭಯವು ಕಲ್ಪಿತವಾಗಿರಲಿಲ್ಲವೆಂಬುದಕ್ಕೆ ಲಿಖಿತ ದಾಖಲೆಗಳಿವೆ. ಅಮೆರಿಕದ ಪ್ರಮುಖ ವಿಮಾನಸಂಸ್ಥೆಯೊಂದು ೧೯೫೩ರಲ್ಲಿ ಗಗನಸಖಿಯರು ೩೨ ವರ್ಷಕ್ಕೆ ವಿಮಾನದ ಸೇವೆಯಿಂದ ಇಳಿಯಬೇಕೆಂದು ನಿಯಮ ಮಾಡಿತು. ೧೯೬೪ರ ನಾಗರಿಕ ಹಕ್ಕುಗಳ ಕಾಯಿದೆ ಬಂದ ಮೇಲೆ, ಆ ದಶಕದ ಕೊನೆಗೆ, ಇಂತಹ ನಿಯಮಗಳು ಕುಸಿದವು. ನಮ್ಮ ದೇಶದಲ್ಲಿಯೂ ಏರ್ ಇಂಡಿಯಾದ ನಿಯಮದಂತೆ ಗಗನಸಖಿಯು ೩೫ ವರ್ಷಕ್ಕೆ, ಅಥವಾ ಸೇವೆಗೆ ಸೇರಿದ ನಾಲ್ಕು ವರ್ಷದೊಳಗೆ ಮದುವೆಯಾದರೆ, ಅಥವಾ ಮೊದಲ ಬಸಿರಿಗೆ, ಯಾವುದು ಮೊದಲೋ ಅದಕ್ಕೆ ನಿವೃತ್ತಳಾಗಬೇಕಾಗಿತ್ತು. ವ್ಯವಸ್ಥಾಪಕ ನಿರ್ದೇಶಕರು ಇಷ್ಟಪಟ್ಟರೆ ವರ್ಷ ವರ್ಷವೂ ವಿಸ್ತರಿಸಿ ೪೫ರವರೆಗೆ ಉಳಿಸಿಕೊಳ್ಳಬಹುದಾಗಿತ್ತು. ವಿಮಾನದೊಳಗೆ ಸೇವೆ ಮಾಡುವ ಪುರುಷರ ನಿವೃತ್ತಿವಯಸ್ಸು ೫೮. ನರ್ಗೇಶ್ ಮಿರ್ಜಾ ಮೊಕದ್ದಮೆಯಲ್ಲಿ ೧೯೮೧ರಲ್ಲಿ ಸುಪ್ರೀಂ ಕೋರ್ಟು ಬಸಿರಿನ ನಿಯಮವನ್ನೂ ನಿರ್ದೇಶಕರ ಮನಬಂದ ಅಧಿಕಾರವನ್ನೂ ರದ್ದುಗೊಳಿಸಿತು; ಮದುವೆಯ ನಿಯಮವನ್ನು ಮಾತ್ರ ಉಳಿಸಿತು. ಅದೇ ೧೯೮೧ರಲ್ಲಿ ಅಮೆರಿಕದಲ್ಲಿ ದೂರದರ್ಶನದ ವಾರ್ತಾವಾಚಕಿ ಕ್ರಿಸ್ಟೀನ್ ಕ್ರಾಫ್ಟ್ ಅವರನ್ನು, ಅವರ ರೂಪ ವಯಸ್ಸುಗಳು ಪ್ರೇಕ್ಷಕರಿಗೆ ಹಿಡಿಸಲಿಲ್ಲವೆಂದು ಹೇಳಿ, ಕೆಳಗಿನ ಸ್ಥಾನಕ್ಕೆ ಇಳಿಸಲಾಯಿತು ಎಂಬ ದೂರು ಎದ್ದಿತು. ಎರಡು ಜ್ಯೂರಿಗಳು ಅವರ ಪರವಾಗಿ ತೀರ್ಮಾನ ಕೊಟ್ಟರೂ ೧೯೮೫ರಲ್ಲಿ ಮೇಲಿನ ನ್ಯಾಯಾಲಯವು ಅದನ್ನು ತಳ್ಳಿಹಾಕಿತು.

ಬರೆದ ನಿಯಮವನ್ನು ನ್ಯಾಯಾಲಯವು ಅಳಿಸಬಲ್ಲುದು; ಬರೆಯದ ನಿಯಮವನ್ನು ಅಳಿಸುವುದು ಕಷ್ಟ. ನಿಯಮವು ಕಾಗದದಲ್ಲಿದ್ದಾಗ ಸ್ತ್ರೀಯರು ಒಟ್ಟಾಗಿ ಮೊಕದ್ದಮೆ ಹೂಡಿದರು. ಅದು ಮುಖದ ಗೆರೆಗೆ ಇಳಿದಾಗ ಒಬ್ಬೊಬ್ಬಳೂ ಒಬ್ಬಂಟಿಯಾಗಿ ಕ್ಲಿನಿಕ್ಕಿಗೆ ಹೋದಳು. ಕಿರುಚಿಕಿತ್ಸೆಯ ಚರಿತ್ರೆಯಲ್ಲಿ ಇದು ನಮಗೆ ಅತ್ಯಂತ ಮುಖ್ಯವಾದ ತಿರುವಾಗಿ ಕಾಣುತ್ತದೆ.

೭

ಆದರೆ ಉದ್ಯೋಗವೊಂದರಿಂದಲೇ ಇಂದಿನ ಸ್ಥಿತಿಯನ್ನು ವಿವರಿಸಲಾಗದು. ಇಪ್ಪತ್ತೈದು ಮೂವತ್ತರ ಹರೆಯದಲ್ಲಿ, ಗೆರೆಯೇ ಮೂಡದಿರುವಾಗ ಹೋಗುವವರೂ ಇದ್ದಾರೆ. ಇದನ್ನು ವಿಚಾರಿಸಿದವರು ಲೂಸಿಯಾನಾ ರಾಜ್ಯದ ಸಮಾಜಶಾಸ್ತ್ರಜ್ಞೆ ಡೇನಾ ಬರ್ಕೊವಿಟ್ಸ್. ೨೦೧೭ರಲ್ಲಿ ಪ್ರಕಟವಾದ 'ಬೊಟಾಕ್ಸ್ ನೇಷನ್' ಎಂಬ ಅವರ ಗ್ರಂಥವು ಚುಚ್ಚಿಸಿಕೊಳ್ಳುವವರನ್ನೂ ಚುಚ್ಚುವವರನ್ನೂ ಮಾತನಾಡಿಸಿ ಬರೆದುದು. ಮುಪ್ಪನ್ನು ಬರುವ ಮೊದಲೇ ತಡೆಯಬೇಕಾದ ವ್ಯಾಧಿಯೆಂಬಂತೆ ಚಿತ್ರಿಸಿ, ಈ ಔಷಧವನ್ನು ತರುಣಿಯರಿಗೆ ಮುಂಜಾಗ್ರತೆಯ ಕ್ರಮವೆಂದು ಮಾರಲಾಗುತ್ತಿದೆ ಎಂಬುದು ಅವರ ಮುಖ್ಯ ಮಾತು. ಸೂಜಿಯನ್ನೇ ವಿಷಯವಾಗಿಟ್ಟುಕೊಂಡು ಬರೆದುದರಿಂದ, ನಾವು ಇಲ್ಲಿ ಪರಿಶೀಲಿಸಿದ ಗ್ರಂಥಗಳಲ್ಲಿ ಇದು ಪ್ರಶ್ನೆಗೆ ಅತ್ಯಂತ ಸಮೀಪವಾದುದು. ಆದರೂ ದೋಷವನ್ನೆಲ್ಲ ಮಾರುಕಟ್ಟೆಯ ತಲೆಗೆ ಕಟ್ಟುವ ಒಲವು ಇದರಲ್ಲಿಯೂ ಇದೆ. ಮಾರಾಟಗಾರರು ಎಲ್ಲ ಸರಕನ್ನೂ ಹೊಗಳಿ ಮಾರುತ್ತಾರೆ. ಈ ಸರಕು ಮಾತ್ರ ಇಷ್ಟು ಸಲೀಸಾಗಿ ಏಕೆ ಬಿಕರಿಯಾಯಿತೆಂಬುದು ಉಳಿಯುತ್ತದೆ.

ಉತ್ತರವು ಚಿಕಿತ್ಸೆಯ ಸ್ವರೂಪದಲ್ಲಿಯೇ ಇದೆಯೆಂದು ನಮ್ಮ ಅಭಿಪ್ರಾಯ. ಕತ್ತಿಯ ಚಿಕಿತ್ಸೆಗೆ ನಿರ್ಧಾರ ಬೇಕು. ಹಣ ಕೂಡಿಡಬೇಕು, ರಜೆ ಹಾಕಬೇಕು, ಮನೆಯವರಿಗೆ ಹೇಳಬೇಕು, ಅರಿವಳಿಕೆಯ ಭಯವನ್ನು ಗೆಲ್ಲಬೇಕು. ಆ ಹೊಸ್ತಿಲನ್ನು ದಾಟುವಾಗ ಏಕೆ ಎಂಬ ಪ್ರಶ್ನೆಯನ್ನು ಸ್ತ್ರೀಯು ತನಗೆ ತಾನೇ ಕೇಳಿಕೊಂಡಿರುತ್ತಾಳೆ. ಡೇವಿಸ್ ಅವರಿಗೆ ಅಷ್ಟು ಸುದೀರ್ಘವಾದ ಉತ್ತರಗಳು ದೊರೆತುದಕ್ಕೆ ಇದೇ ಕಾರಣ. ಸೂಜಿಯ ಚಿಕಿತ್ಸೆಗೆ ಹೊಸ್ತಿಲೇ ಇಲ್ಲ. ಹದಿನೈದು ನಿಮಿಷದ ಕೆಲಸ. ಸಂಜೆಗೆ ಎಂದಿನಂತೆ ಮನೆ. ಒಗ್ಗದಿದ್ದರೆ ನಾಲ್ಕು ತಿಂಗಳಲ್ಲಿ ತಾನೇ ಹೋಗುತ್ತದೆ. ಕೂದಲಿಗೆ ಬಣ್ಣ ಹಚ್ಚಿಸಿಕೊಳ್ಳುವುದಕ್ಕೆ ಯಾರೂ ದೊಡ್ಡ ಕಾರಣ ಹುಡುಕುವುದಿಲ್ಲ. ಇದೂ ಅದರ ಸಾಲಿಗೆ ಸೇರುತ್ತದೆ. ಹೀಗಾಗಿ, ಏಕೆ ಆರಿಸಿಕೊಂಡೆ ಎಂದು ಕೇಳಿದರೆ ಸ್ತ್ರೀಯು ತಡವರಿಸುವುದು ಸಹಜ. ಅವಳ ನೆನಪಿನಲ್ಲಿ ನಿರ್ಧಾರದ ದಿನವೆಂಬುದೇ ಇಲ್ಲ.

ಆದರೆ ಇದರ ಒಟ್ಟು ಲೆಕ್ಕ ಸಣ್ಣದಲ್ಲ. ಮೂವತ್ತರಲ್ಲಿ ಆರಂಭಿಸಿ ಅರವತ್ತರವರೆಗೆ ವರ್ಷಕ್ಕೆ ಮೂರು ಸಲ ಚುಚ್ಚಿಸಿಕೊಳ್ಳುವವಳು ಒಟ್ಟು ೯೦ ಸಲ ಆ ಕುರ್ಚಿಯಲ್ಲಿ ಕುಳಿತಿರುತ್ತಾಳೆ. ಮೊದಲ ಸಲದ ಆಯ್ಕೆಯು ಹಗುರ, ತೊಂಬತ್ತನೆಯದು ಹಗುರವಲ್ಲ. ನಡುವೆ ಬಿಟ್ಟರೆ, ಅಷ್ಟು ದಿನ ತಡೆದು ನಿಲ್ಲಿಸಿದ್ದ ವಯಸ್ಸು ಒಮ್ಮೆಲೇ ಎದುರಿಗೆ ಬಂದಂತಾಗುತ್ತದೆ. ಪ್ರವೇಶಿಸುವಾಗ ಹಿಂದಿರುಗಬಹುದಾದ ದಾರಿಯೆಂದು ತೋರಿದುದು, ನಡೆದಂತೆಲ್ಲ ಹಿಂದಿರುಗಲು ಕಷ್ಟವಾದ ದಾರಿಯಾಗುತ್ತದೆ. ಆರಂಭದಲ್ಲಿ ಉದಾಹರಿಸಿದ ೮೮ ಲಕ್ಷವೆಂಬ ಸಂಖ್ಯೆಯನ್ನೂ ಹೀಗೆಯೇ ಓದಬೇಕು. ಅದು ಚುಚ್ಚುಮದ್ದುಗಳ ಲೆಕ್ಕ, ಸ್ತ್ರೀಯರ ಲೆಕ್ಕವಲ್ಲ; ಒಬ್ಬಳೇ ಮೂರು ಸಲ ಬಂದರೆ ಅದರಲ್ಲಿ ಮೂರಾಗಿ ಸೇರುತ್ತಾಳೆ. ಹೊಸಬರು ಎಷ್ಟು, ಬಿಡಲಾರದೆ ಬಂದವರು ಎಷ್ಟು ಎಂಬುದು ಆ ಒಂದು ಸಂಖ್ಯೆಯಿಂದ ತಿಳಿಯುವುದಿಲ್ಲ.

೮

ನಾವು ಪರಿ��ೀಲಿಸಿದ ಗ್ರಂಥಗಳೆಲ್ಲ ಯೂರೋಪು ಅಮೆರಿಕಗಳವು. ಅವುಗಳ ನಿರ್ಣಯಗಳನ್ನು ನಮ್ಮ ದೇಶಕ್ಕೆ ಹಾಗೆಯೇ ಅನ್ವಯಿಸುವಲ್ಲಿ ಎಚ್ಚರ ಬೇಕು. ಅಲ್ಲಿ ಪ್ರಶ್ನೆಯ ಕೇಂದ್ರವು ವಯಸ್ಸು. ಇಲ್ಲಿ ವಯಸ್ಸಿನೊಡನೆ, ಬಹುಶಃ ಅದಕ್ಕಿಂತ ಮುಂಚೆ, ಬಣ್ಣವೂ ಸೇರುತ್ತದೆ. ೧೯೭೫ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಪ್ರಸಿದ್ಧ ಬಿಳುಪಿನ ಕ್ರೀಮು ೨೦೨೦ರಲ್ಲಿ ತನ್ನ ಹೆಸರಿನಿಂದ ಬಿಳುಪಿನ ಮಾತನ್ನು ಕೈಬಿಟ್ಟಿತು. ವಧುವಿನ ಜಾಹೀರಾತುಗಳಿಂದ ಆ ಮಾತು ಅಷ್ಟು ಸುಲಭವಾಗಿ ಹೋಗಿಲ್ಲ. ಅಮೆರಿಕದಲ್ಲಿ ಉದ್ಯೋಗವು ಮಾಡಿದ ಕೆಲಸವನ್ನು ಇಲ್ಲಿ ಮದುವೆಯ ಮಾತುಕತೆಯೂ ಮಾಡುತ್ತದೆ. ಚರ್ಮದ ಬಣ್ಣವನ್ನು ತಿಳಿಗೊಳಿಸುವ ಲೇಪ, ಲೇಸರ್‌ಗಳ ಕಡೆಗೆ ಹೋಗುವ ತರುಣಿಯ ಕಾರಣವನ್ನು ಹುಡುಕುವವರು ಕ್ಲಿನಿಕ್ಕಿನ ಬಾಗಿಲಿನಲ್ಲಿ ನಿಂತರೆ ಸಾಲದು; ಅವಳನ್ನು ನೋಡಲು ಬಂದವರು ಕುಳಿತ ಜಗಲಿಯ ಮೇಲೂ ಕಿವಿಗೊಡಬೇಕು. ಈ ದಿಕ್ಕಿನಲ್ಲಿ ಕನ್ನಡದಲ್ಲಿ ಸಂಶೋಧನೆಗೆ ವಿಪುಲವಾದ ಅವಕಾಶವಿದೆ.

ಇಷ್ಟು ವಿವೇಚನೆಯಿಂದ ನಾವು ತಲಪುವ ನಿರ್ಣಯಗಳು ಮೂರು. ಮೊದಲನೆಯದಾಗಿ, ಸ್ತ್ರೀಯರು ಕೊಡುವ ಕಾರಣಗಳನ್ನು ನಂಬಬೇಕು, ಆದರೆ ಕೇಳಿದವರು ಯಾರೆಂಬುದನ್ನು ಮರೆಯದೆ ನಂಬಬೇಕು. ಎರಡನೆಯದಾಗಿ, ವಯಸ್ಸಾದ ಮುಖಕ್ಕೆ ಸಮಾಜವು ವಿಧಿಸುವ ದಂಡವು ಇರುವವರೆಗೆ, ಆ ದಂಡದಿಂದ ತಪ್ಪಿಸಿಕೊಳ್ಳುವವಳನ್ನು ಮರುಳೆಂದು ಕರೆಯುವುದು ಸಲ್ಲದು. ಅವಳನ್ನು ಸ್ವತಂತ್ರಳೆಂದು ಹೊಗಳಿ ದಂಡವನ್ನು ಮರೆಯುವುದೂ ಸಲ್ಲದು. ಮೂರನೆಯದಾಗಿ, ಕಿರುಚಿಕಿತ್ಸೆಯನ್ನು ಒಂದು ನಿರ್ಧಾರವೆಂದು ನೋಡುವುದಕ್ಕಿಂತ ಒಂದು ರೂಢಿಯೆಂದು ನೋಡುವುದು ಹೆಚ್ಚು ಸರಿ. ರೂಢಿಗಳ ವಿಷಯದಲ್ಲಿ ಏಕೆ ಆರಂಭಿಸಿದೆ ಎಂಬುದಕ್ಕಿಂತ, ಬಿಟ್ಟರೆ ಏನಾಗುತ್ತಿತ್ತು ಎಂಬ ಪ್ರಶ್ನೆಯು ಹೆಚ್ಚು ಫಲಕೊಡುತ್ತದೆ. ಮುಂದಿನ ಸಮೀಕ್ಷಕರು ಇದನ್ನು ಕೇಳುವುದು ಒಳ್ಳೆಯದು.

ಕೊನೆಯದಾಗಿ ಒಂದು ಮಾತು. ಅಗತ್ಯವು ಕಾಣದವರಿಗೆ ಮಾತ್ರ ಏಕೆ ಎಂಬ ಪ್ರಶ್ನೆ ಹುಟ್ಟುತ್ತದೆಂದು ಹಿಂದೆ ಹೇಳಿದೆವು. ರೂಢಿಯು ಬಲಿತಂತೆ ಪ್ರಶ್ನೆಯ ದಿಕ್ಕು ತಿರುಗುತ್ತದೆ. ಚಿಕಿತ್ಸೆಯು ಎಲ್ಲರಿಗೂ ಸಾಮಾನ್ಯವಾದ ವೃತ್ತಿವಲಯಗಳಲ್ಲಿ, ಮಾಡಿಸಿಕೊಂಡವಳನ್ನು ಯಾರೂ ಏಕೆ ಎಂದು ಕೇಳರು. ತನ್ನ ವಯಸ್ಸನ್ನು ಮುಖದಲ್ಲಿ ಹೊತ್ತು ಕೆಲಸಕ್ಕೆ ಬರುವವಳೇ ಕಾರಣ ಹೇಳಬೇಕಾಗುತ್ತದೆ. ಅಂತಹ ದಿನವು ಎಲ್ಲೆಡೆಗೂ ಬರುವ ಮೊದಲೇ ಈ ವಿಷಯವು ನಮ್ಮ ತರಗತಿಗಳಲ್ಲಿ ಚರ್ಚೆಗೆ ಬರುವುದು ಅವಶ್ಯಕ.